ಒತ್ತಿದ್ದು, ಒರೆಸಿದ್ದು

ಆ ಊರಿನಲ್ಲಿ ಒಬ್ಬರಿಗೆ ಒಂದೇ ಮುಖ. ಇದೇನು ದೊಡ್ಡ ಮಾತು, ಎಲ್ಲ ಊರಿನಲ್ಲೂ ಹಾಗೇ ಅಲ್ಲವೇ ಎಂದು ನಗಬೇಡಿ. ಅಲ್ಲಿ ಅದು ಕಟ್ಟಳೆ. ಪ್ರಾಯಕ್ಕೆ ಬಂದವರು ಒಮ್ಮೆ ಅಚ್ಚಿನ ಮನೆಗೆ ಹೋಗಬೇಕು. ಗಾಜಿನ ಹಲಗೆಗೆ ಮಸಿ ಬಳಿದು, ಆ ಮಸಿಯಲ್ಲಿ ತಮ್ಮ ಮುಖವನ್ನು ತಮ್ಮ ಕೈಯಿಂದಲೇ ಬಿಡಿಸಿ, ಮೇಲೆ ಹಾಳೆ ಹಾಸಿ ಒಂದೇ ಒಂದು ಅಚ್ಚು ತೆಗೆಯಬೇಕು. ತೆಗೆದ ಕೂಡಲೇ ಹಲಗೆ ಒರೆಸಬೇಕು. ಹಾಳೆ ಊರಕಟ್ಟೆಯ ಗೋಡೆಗೆ ಹೋಗುತ್ತದೆ. ಆ ಗೋಡೆಯ ಮೇಲೆ ಮುಖ ಇದ್ದವರ ಮಾತು ಮಾತು. ಇಲ್ಲದವರು ಕಂಡದ್ದನ್ನು ಕಂಡೆ ಎಂದರೂ ಅದು ಗಾಳಿಗೆ ಹೋದ ಹಾಗೆ.

ಇನ್ನು ಒಬ್ಬರದೇ ಮುಖ ಎರಡು ಹಾಳೆಯ ಮೇಲೆ ಸಿಕ್ಕಿತೋ, ಮುಗಿಯಿತು. ಅಂಥವರನ್ನು ಎರಡಾದವರು ಎನ್ನುತ್ತಾರೆ. ಹೊಡೆಯುವುದಿಲ್ಲ, ಬಡಿಯುವುದಿಲ್ಲ, ಊರು ಬಿಡಿಸುವುದೂ ಇಲ್ಲ. ಅವರು ಕರೆದರೆ ಯಾರೂ ಓಗೊಡುವುದಿಲ್ಲ, ಅಷ್ಟೇ. ಬಾವಿಕಟ್ಟೆಯಲ್ಲಿ ಕರೆದರೂ ಇಲ್ಲ, ಬಾಗಿಲಲ್ಲಿ ನಿಂತು ಕರೆದರೂ ಇಲ್ಲ. ಹೆತ್ತವರೂ ಇಲ್ಲ, ಕಟ್ಟಿಕೊಂಡವರೂ ಇಲ್ಲ. ಅವರ ಕರೆಗೆ ಓ ಎಂದವರೂ ಎರಡಾದವರ ಲೆಕ್ಕಕ್ಕೇ ಸೇರಿದರು. ಹಾಗೆ ಕರೆದು ಕರೆದು, ಕೊನೆಗೆ ಕರೆಯುವುದನ್ನೇ ಬಿಟ್ಟ ಮೂರು ಜನ ಆ ಊರಿನಲ್ಲಿ ಈಗಲೂ ಇದ್ದಾರೆ.

ಇಂಥ ಊರಿನಲ್ಲಿ ಜನ ಒಬ್ಬರನ್ನೊಬ್ಬರು ಓರೆಗಣ್ಣಿನಲ್ಲೇ ನೋಡುತ್ತಾರೆ. ಅವರೆಲ್ಲರನ್ನೂ ಮೀರಿಸಿದವಳು ಬೀಗದಕ್ಕ. ಬೀಗ ಮಾಡುವುದು ಅವಳ ಕಸುಬು, ಅನುಮಾನ ಪಡುವುದು ಅವಳ ಉಸಿರು. ತರಕಾರಿಯವಳು ನಕ್ಕರೆ ತೂಕದಲ್ಲಿ ಏನೋ ಇದೆ ಎನ್ನುವಳು, ನಗದಿದ್ದರೆ ಖಂಡಿತ ಇದೆ ಎನ್ನುವಳು. ಬೀಗ ಕೊಳ್ಳಲು ಬಂದವರಿಗೆ ಇದಕ್ಕೆ ಇರುವುದು ಇದೊಂದೇ ಕೀಲಿ ಎಂದು ಆಣೆಯಿಟ್ಟು ಹೇಳುವಳು. ಅವರು ಬೆನ್ನು ತಿರುಗಿಸಿದ ಮೇಲೆ ಎರಡನೆಯ ಕೀಲಿಯನ್ನು ಮಡಕೆಗೆ ಹಾಕಿ ಬಾಯಿ ಕಟ್ಟುವಳು. ಒಂದನ್ನೂ ಯಾವತ್ತೂ ಬಳಸಿದವಳಲ್ಲ. ಇರಲಿ ಎಂದು ಇಟ್ಟದ್ದು. ಇರಲಿ ಎಂದು ಇಡುವ ಚಪಲ ಎಂಥದ್ದೆಂದು ಚೆನ್ನಾಗಿ ಬಲ್ಲವಳಾದ್ದರಿಂದಲೇ ಅವಳಿಗೆ ಅಚ್ಚಿನಜ್ಜಿಯ ಮೇಲೆ ಗುಮಾನಿ. ಒಂದು ಅಚ್ಚು ತೆಗೆದ ಹಲಗೆಯಲ್ಲಿ ಇನ್ನೊಂದಕ್ಕೆ ಆಗುವಷ್ಟು ಮಸಿ ಉಳಿದೇ ಇರುತ್ತದೆ. ಆ ಎರಡನೆಯದು ತೆಳ್ಳಗೆ ಬರುತ್ತದೆ, ಅದಕ್ಕೆ ನೆರಳಚ್ಚು ಎಂದು ಹೆಸರು. ಅಚ್ಚಿನ ಮನೆ ನಡೆಸುವ ಮುದುಕಿ ಅದನ್ನು ತೆಗೆದಿಟ್ಟುಕೊಳ್ಳದೆ ಬಿಟ್ಟಾಳೆಯೇ? ತಾನಾಗಿದ್ದರೆ ಬಿಡುತ್ತಿದ್ದೆನೇ? ಹೀಗೆ ಯೋಚಿಸಿ ಯೋಚಿಸಿ, ನಲವತ್ತಾರು ವರ್ಷವಾದರೂ ಬೀಗದಕ್ಕ ತನ್ನ ಮುಖದ ಅಚ್ಚು ಮಾಡಿರಲಿಲ್ಲ.

ಅವಳು ನಂಬಿದ್ದು ಒಬ್ಬಳನ್ನು, ತಂಗಿಯನ್ನು. ಹದಿನೈದು ವರ್ಷ ಚಿಕ್ಕವಳು, ಇವಳೇ ಎತ್ತಿ ಆಡಿಸಿ ಸಾಕಿದವಳು. ತಂಗಿ ಬೆಳಗಾದರೆ ತಲೆಯ ಮೇಲೆ ಗಡಿಗೆ ಹೊತ್ತು ಕೇರಿ ಕೇರಿಯಲ್ಲಿ “ಮೊಸರೂ” ಎಂದು ಕೂಗಿಕೊಂಡು ಹೋಗುತ್ತಿದ್ದಳು. “ಓ, ಬಾರೇ ಇಲ್ಲಿ” ಎಂದು ಬಾಗಿಲುಗಳು ತೆರೆಯುತ್ತಿದ್ದವು. ಆ ಒಂದು ಓ ಎನ್ನುವುದರ ಮೇಲೆ ಅವಳ ಬದುಕು ನಿಂತಿತ್ತು.

ಒಂದು ಮಂಗಳವಾರ ಎಣ್ಣೆಯವನು ತನ್ನ ಮನೆಯ ಅಲ್ಲಾಡುವ ಮಣೆಯನ್ನು ಸರಿಪಡಿಸಲು ಹೋದ. ಅದರ ಕಾಲಿನ ಕೆಳಗೆ ಎಂದೋ ಮಡಿಸಿ ಸಿಕ್ಕಿಸಿದ್ದ ಕಾಗದವನ್ನು ಎಳೆದು ಬಿಡಿಸಿದರೆ, ಒಳಗೆ ತಂಗಿಯ ಮುಖ. ಮಂಜಿನಲ್ಲಿ ಕಂಡಷ್ಟು ತೆಳ್ಳಗೆ ಇತ್ತು, ಆದರೆ ಅವಳದೇ. ಅವನು ಕಾಗದವನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ಕಟ್ಟೆಗೆ ಓಡಿದ. ಅದು ಎಲ್ಲಿಂದ ಬಂತೆಂದು ಅವನಿಗೆ ನೆನಪಿರಲಿಲ್ಲ. ಕಟ್ಟೆಯ ಯಜಮಾನ ಗೋಡೆಯ ಮೇಲಿನ ಮುಖವನ್ನೂ ಕಾಗದದ ಮುಖವನ್ನೂ ಪಕ್ಕಪಕ್ಕ ಹಿಡಿದು ನೋಡಿ, “ಸೋಮವಾರ ತೀರ್ಮಾನ” ಎಂದ.

ಬೀಗದಕ್ಕ ಜನರನ್ನು ತಳ್ಳಿಕೊಂಡು ಮುಂದೆ ಬಂದಳು.

“ಯಜಮಾನ್ರೇ, ಇವಳು ಅಚ್ಚು ತೆಗೆದ ದಿನ ನಾನು ಪಕ್ಕದಲ್ಲೇ ಕೂತಿದ್ದೆ. ಹಲಗೆ ಒರೆಸಿದ್ದನ್ನ ಕಣ್ಣಾರೆ ನೋಡಿದೀನಿ. ಇವಳು ಎರಡನೇದು ತೆಗೀಲಿಲ್ಲ.”

“ತೆಗೀದೆ ಇರಬೋದು ತಾಯಿ. ಅದನ್ನ ಹೇಳೋಕೆ ನಿನ್ನ ಮುಖ ಎಲ್ಲಿದೆ?” ಎಂದು ಯಜಮಾನ ಗೋಡೆಯ ಕಡೆ ಕೈ ತೋರಿಸಿದ. “ಸೋಮವಾರದೊಳಗೆ ಇಲ್ಲಿ ತಂದು ಹಾಕು, ಕೇಳ್ತೀವಿ. ಬೇರೆಯವರು ತೆಗೆದದ್ದು ಅಂತ ರುಜುವಾತಾದ್ರೆ ಇವಳು ಬಿಡುಗಡೆ. ತೆಗೆದವರು ಎರಡಾದವರು.”

ಹೀಗೆ ಬೀಗದಕ್ಕ ತಾನು ಊರಿನಲ್ಲೆಲ್ಲ ಹೆಚ್ಚು ಅನುಮಾನಿಸುತ್ತಿದ್ದ ಹೆಂಗಸಿನ ಬಳಿಗೇ ಕಲಿಯಲು ಹೋಗಬೇಕಾಯಿತು. ಬುಧವಾರ ಬೆಳಿಗ್ಗೆ ಅಚ್ಚಿನ ಮನೆಯ ಹೊಸ್ತಿಲು ದಾಟುತ್ತಲೇ ಅವಳು ಹೇಳಿದಳು:

“ಅಜ್ಜಿ, ಮೊದಲೇ ಹೇಳ್ಬಿಡ್ತೀನಿ. ಆ ನೆರಳಚ್ಚು ತೆಗೆದಿದ್ದು ನೀವೇ ಅಂತ ನನಗೆ ಗೊತ್ತು.”

“ಊರೆಲ್ಲ ಹಾಗೇ ಅಂತಾರೆ. ನಿಂಗೆ ಈಗ ಕಲೀಬೇಕೋ, ಜಗಳ ಆಡ್ಬೇಕೋ? ಐದು ದಿನದಲ್ಲಿ ಎರಡೂ ಆಗಲ್ಲ,” ಎಂದಳು ಅಚ್ಚಿನಜ್ಜಿ.

ಅಜ್ಜಿಯ ಮುಖ ಗೋಡೆಯ ಮೇಲಿರಲಿಲ್ಲ. ಅಚ್ಚಿನ ಮನೆಯವರಿಗೆ ಮುಖ ಕೂಡದು, ಎಲ್ಲರ ಹಲಗೆಯೂ ಅವರ ಕೈಯಲ್ಲಿರುತ್ತದೆ ಎಂದು ಹಿಂದಿನವರು ಯೋಚಿಸಿ ಇಟ್ಟ ಕಟ್ಟಳೆ. ಆದ್ದರಿಂದ ಯಾರು ಏನೇ ಅಂದರೂ ತಾನು ಹಾಗೆ ಮಾಡಿಲ್ಲ ಎಂದು ಹೇಳುವ ಬಾಯಿ ಅವಳಿಗಿರಲಿಲ್ಲ.

ಮೊದಲ ದಿನ ಮಸಿ. ದೀಪದ ಕಾಡಿಗೆಯನ್ನು ಅಗಸೆ ಎಣ್ಣೆಯಲ್ಲಿ ಅರೆದು, ಮರದ ಉರುಳೆಯಿಂದ ಗಾಜಿನ ಮೇಲೆ ಹಿಂದಕ್ಕೂ ಮುಂದಕ್ಕೂ ಉರುಳಿಸಬೇಕು. “ನೋಡ್ಬೇಡ, ಕೇಳು. ಪಚಪಚ ಅಂದ್ರೆ ಹೆಚ್ಚಾಯ್ತು. ಸುಯ್ ಅಂದ್ರೆ ಸರಿ,” ಎಂದಳು ಅಜ್ಜಿ. ಬೀಗದಕ್ಕನಿಗೆ ಕಿವಿಯ ಮೇಲೆ ನಂಬಿಕೆಯಿಲ್ಲ. ಕಣ್ಣಳತೆಯಲ್ಲೇ ಇರಲಿ ಎಂದು ಇನ್ನಷ್ಟು ಬಳಿದಳು. ಹಾಳೆ ಹಾಸಿದರೆ ಅದು ಮಸಿಯ ಮೇಲೆ ಜಾರಿತು, ಬಿಡಿಸಿದ್ದ ಬದನೆಕಾಯಿ ಎಮ್ಮೆಯಾಗಿ ಹೊರಟಿತು. ಕಲಿಯುವಾಗ ಮುಖ ಬಿಡಿಸುವಂತಿಲ್ಲ. ಬದನೆಕಾಯಿ, ಚೊಂಬು, ಬೀಗ, ಇಂಥವೇ.

ಎರಡನೆಯ ದಿನ ಹಾಳೆ. ಒಣ ಹಾಳೆ ಮಸಿ ಹಿಡಿಯುವುದಿಲ್ಲ, ತೊಯ್ದದ್ದು ಹಿಡಿದದ್ದನ್ನು ಬಿಡುತ್ತದೆ. “ಹಾಳೆಗೆ ನೀರು ತೋರಿಸ್ಬೇಕು, ಕುಡಿಸ್ಬಾರದು,” ಎಂದಳು ಅಜ್ಜಿ. ಆ ಮಧ್ಯಾಹ್ನ ಅವಳು ಕೊಡ ಎತ್ತಿಕೊಂಡು ಬಾವಿಗೆ ಹೋದಳು. ಮೂಲೆಯಲ್ಲಿ ಒಂದು ಪೆಟ್ಟಿಗೆ, ಪೆಟ್ಟಿಗೆಗೆ ಬೀಗದಕ್ಕನದೇ ಕೈಯ ಬೀಗ. ಬೀಗದಕ್ಕ ಮಡಕೆಯಿಂದ ಆರಿಸಿ ತಂದಿದ್ದ ಎರಡನೆಯ ಕೀಲಿಯನ್ನು ಸೊಂಟದಿಂದ ತೆಗೆದಳು. ಒಳಗೆ ಊರಿನವರ ನೆರಳಚ್ಚುಗಳು ಸಾಲಾಗಿ ಇರುತ್ತವೆ ಎಂದು ಅವಳು ಖಂಡಿತ ನಂಬಿದ್ದಳು. ಇದ್ದದ್ದು ಒರೆಸಿದ ಬಟ್ಟೆಗಳು. ಎಷ್ಟೋ ವರ್ಷದವು, ಮಸಿ ಒಣಗಿ ರಟ್ಟಾಗಿ, ಮಡಿಸಿ ಒಂದರ ಮೇಲೊಂದು ಇಟ್ಟವು. ತಳದವರೆಗೂ ಕೈ ಹಾಕಿ ಹುಡುಕಿದಳು. ಒಂದು ಹಾಳೆಯೂ ಇರಲಿಲ್ಲ.

ಅಜ್ಜಿ ಬಂದು ಕೊಡ ಇಳಿಸಿದಳು. ಪೆಟ್ಟಿಗೆಯನ್ನು ನೋಡಿದಳು, ಅವಳ ಬೆರಳ ತುದಿಯ ಕಪ್ಪನ್ನು ನೋಡಿದಳು.

“ಎಲ್ಲಾ ಸರಿಯಾಗಿ ಇದಾವಾ?”

ಬೀಗದಕ್ಕನಿಗೆ ನಾಚಿಕೆಯಾಯಿತು, ಅದಕ್ಕೇ ದನಿ ಏರಿತು. “ಈ ಕೊಳಕು ಬಟ್ಟೆಗೆ ಬೀಗ ಯಾಕೆ?”

“ಒರೆಸಿದೀನಿ ಅನ್ನೋಕೆ ನಂಗಿರೋ ಸಾಕ್ಷಿ ಅವಿಷ್ಟೇ ಮಗಾ.”

ಬೀಗದಕ್ಕ ಅದನ್ನು ನಂಬಿದಳು ಅಂದುಕೊಂಡಿರೇನು? ಬಟ್ಟೆ ಇಲ್ಲಿಟ್ಟು ಹಾಳೆ ಬೇರೆಲ್ಲೋ ಇಟ್ಟಿದ್ದಾಳೆ ಮುದುಕಿ ಎಂದುಕೊಂಡು ಮನೆಗೆ ಹೋದಳು.

ಮೂರನೆಯ ದಿನ ಬೆಳಕು. ಹಲಗೆಯನ್ನೆಲ್ಲ ಕಪ್ಪು ಮಾಡಿ, ಬೆಳಕು ಬೇಕಾದಲ್ಲಿ ಬಟ್ಟೆಯಿಂದ, ಕಡ್ಡಿಯಿಂದ, ಬೆರಳಿನಿಂದ ತೆಗೆಯುತ್ತ ಹೋಗಬೇಕು. ಹೊಸದಾಗಿ ಏನನ್ನೂ ಹಾಕುವಂತಿಲ್ಲ. ಇದು ಬೀಗದಕ್ಕನ ಕೈಗೆ ಹತ್ತಿತು, ಅರದಿಂದ ಕಬ್ಬಿಣವನ್ನು ತೆಗೆದು ತೆಗೆದೇ ಕೀಲಿಯ ಹಲ್ಲು ಮಾಡುವವಳಲ್ಲವೇ. ಸಂಜೆಯ ಹೊತ್ತಿಗೆ ಚೊಂಬು ಚೊಂಬಿನ ಹಾಗೆಯೇ ಬಂತು. ಅಜ್ಜಿ ಹೂಂ ಎಂದಳು. ಆ ಹೂಂಗೆ ತನಗೇಕೆ ಇಷ್ಟು ಹಿಗ್ಗು ಎಂದು ಬೀಗದಕ್ಕನಿಗೆ ತನ್ನ ಮೇಲೇ ಅನುಮಾನ ಬಂತು.

ನಾಲ್ಕನೆಯ ದಿನ, ಶನಿವಾರ, ಅವಳು ಒಂದು ಬೀಗ ಬಿಡಿಸಿದಳು. ಹಾಳೆ ಹಾಸಿ, ಮರದ ಸೌಟಿನ ಬೆನ್ನಿನಿಂದ ಉಜ್ಜಿ, ತುದಿ ಹಿಡಿದು ಎತ್ತಿದಳು. ಕೊಂಡಿ, ಕೀಲಿಯ ಕಿಂಡಿ, ಎಲ್ಲ ಚೊಕ್ಕಟವಾಗಿ ಬಂದಿತ್ತು. ಅಜ್ಜಿ ಅದನ್ನು ಹಗ್ಗಕ್ಕೆ ಹಾಕಲು ತಿರುಗಿದಳು. ಹಲಗೆಯಲ್ಲಿ ಇನ್ನೂ ಮಸಿ ಇತ್ತು. ಬಟ್ಟೆ ದೂರ ಇತ್ತು. ಬೀಗದಕ್ಕ ಸೊಂಟದ ಚೀಲದಿಂದ ಕೀಲಿ ಸುತ್ತುವ ಕಾಗದ ತೆಗೆದು ಹಲಗೆಯ ಮೇಲೆ ಹಾಸಿ, ಮಸಿ ಹೀರಿಕೊಳ್ಳಲಿ ಎಂದು ಎರಡೂ ಅಂಗೈಯಿಂದ ಬಲವಾಗಿ ಒತ್ತಿದಳು.

“ಏನ್ ಮಾಡ್ತಿದೀಯೇ?”

“ಒರೆಸ್ತಿದೀನಿ.”

“ಒರೆಸೋದು ಅಂದ್ರೆ ಉಜ್ಜೋದು. ಅದು ಒತ್ತೋದು. ಎತ್ತಿ ನೋಡು.”

ಎತ್ತಿದಳು. ಕೀಲಿ ಸುತ್ತುವ ಕಾಗದದ ಮೇಲೆ ಬೀಗ ಬಂದಿತ್ತು. ತೆಳ್ಳಗೆ, ಮಬ್ಬಾಗಿ, ಆದರೆ ಅದೇ ಕೊಂಡಿ, ಅದೇ ಕಿಂಡಿ.

ಬೀಗದಕ್ಕ ಆ ಕಾಗದವನ್ನು ಬೆಳಕಿಗೆ ಹಿಡಿದಳು. ಹದಿಮೂರು ವರ್ಷದ ಹಿಂದೆ ಇದೇ ಹಲಗೆಯ ಮುಂದೆ ತಂಗಿ ತನ್ನ ಮುಖ ತೆಗೆದ ದಿನ ಕಣ್ಣ ಮುಂದೆ ಬಂತು. ಅಜ್ಜಿ ಆ ಹಾಳೆಯನ್ನು ಹಗ್ಗಕ್ಕೆ ಹಾಕಲು ತಿರುಗಿದ್ದಳು. ತಂಗಿ ಕೈ ತೊಳೆಯಲು ಹಿತ್ತಲಿಗೆ ಹೋಗಿದ್ದಳು. ಮುದುಕಿ ಪೂರ್ತಿ ಒರೆಸುತ್ತಾಳೋ ಇಲ್ಲವೋ, ತಾನೇ ಒಂದು ಕೈ ಮೊದಲು ಮಸಿ ತೆಗೆದುಬಿಡೋಣ ಎಂದು ಬೀಗದಕ್ಕ ಚೀಲದಿಂದ ಇಂಥದೇ ಕಾಗದ ತೆಗೆದು ಹೀಗೇ ಒತ್ತಿದ್ದಳು. ನೋಡದೆಯೇ ಮಡಿಸಿ ಚೀಲಕ್ಕೆ ತುರುಕಿದ್ದಳು. ಆಮೇಲೆ ಅಜ್ಜಿ ಬಟ್ಟೆಯಿಂದ ಒರೆಸುವಾಗ ಒಂದು ಚುಕ್ಕೆಯೂ ಉಳಿಯದಂತೆ ಕಣ್ಣಿಟ್ಟು ಕಾದಿದ್ದಳು. ಆ ಜಾಣತನಕ್ಕೆ ಮೂರು ದಿನ ತನ್ನ ಬೆನ್ನನ್ನು ತಾನೇ ತಟ್ಟಿಕೊಂಡಿದ್ದಳು. ಆ ಕಾಗದ ಯಾವುದೋ ಕೀಲಿಗೆ ಸುತ್ತಿಕೊಂಡು ಎಣ್ಣೆಯವನ ಮನೆ ಸೇರಿತ್ತು.

ಅಜ್ಜಿ ಕಾಗದವನ್ನು ನೋಡಿದಳು, ಅವಳ ಮುಖವನ್ನು ನೋಡಿದಳು. ಅಜ್ಜಿಗೂ ತಿಳಿಯಿತು.

“ಯಾರಿಗಾದ್ರೂ ಹೇಳ್ತೀರಾ?” ಎಂದು ಬೀಗದಕ್ಕ ಕೇಳಿದಳು.

“ನಾನು ಹೇಳಿದ್ರೆ ಕೇಳೋರು ಯಾರು ಮಗಾ.”

ಅದೇ ಮಾತು ದಾರಿಯುದ್ದಕ್ಕೂ ಅವಳ ತಲೆಯಲ್ಲಿ ಕೊರೆಯಿತು. ಅಜ್ಜಿಯ ಮಾತು ಯಾರೂ ಕೇಳುವುದಿಲ್ಲ. ಸೋಮವಾರ ಕಟ್ಟೆಯಲ್ಲಿ ನಿಂತು, ಇದು ಅಚ್ಚಿನಜ್ಜಿಯ ಕೆಲಸ, ನಾನು ಕಂಡೆ ಎಂದರೆ ಸಾಕು. ಊರು ಎಷ್ಟೋ ವರ್ಷದಿಂದ ಅದನ್ನು ಕೇಳಲೆಂದೇ ಕಾದು ಕೂತಿದೆ. ತಂಗಿ ಉಳಿಯುತ್ತಾಳೆ, ತಾನೂ ಉಳಿಯುತ್ತೇನೆ. ಮುದುಕಿ ಹೇಗಿದ್ದರೂ ಯಾರನ್ನಾದರೂ ಕರೆಯುವುದೇ ಕಡಿಮೆ.

ಮನೆಯಲ್ಲಿ ತಂಗಿ ಮೊಸರಿನ ಗಡಿಗೆಯ ಮುಂದೆ ಕೂತಿದ್ದಳು. ಗಡಿಗೆ ತುಂಬಿಯೇ ಇತ್ತು. ತೀರ್ಮಾನಕ್ಕೆ ಮುಂಚೆಯೇ ಬಾಗಿಲುಗಳು ಓ ಎನ್ನುವುದನ್ನು ಕಡಿಮೆ ಮಾಡಿದ್ದವು.

“ಕೈಗೆ ಬಂತಾ ಅಕ್ಕ?”

“ಬರ್ತಾ ಇದೆ.”

“ಆ ಅಜ್ಜೀನೇ ಮಾಡಿರ್ತಾಳೆ, ಅಲ್ವಾ?”

“ಇರ್ಬೋದು,” ಎಂದಳು ಬೀಗದಕ್ಕ. ಅಂದವಳು ಉಣ್ಣದೆಯೇ ಮಲಗಿದಳು.

ಭಾನುವಾರ ಮುಖ. ಅವಳು ಹಲಗೆಯನ್ನು ಕಪ್ಪು ಮಾಡಿದಳು, ಮಸಿ ಸುಯ್ ಎನ್ನುವವರೆಗೂ ಉರುಳೆ ಎಳೆದಳು. ಕನ್ನಡಿ ಮುಂದಿಟ್ಟುಕೊಂಡು, ಕನ್ನಡಿಯಲ್ಲಿ ಕಂಡ ಹಾಗೆ ಬೆಳಕನ್ನು ತೆಗೆಯುತ್ತ ಹೋದಳು. ಹಣೆ ತೆಗೆದಳು, ಮೂಗು ತೆಗೆದಳು, ಕೆನ್ನೆ ತೆಗೆದಳು. ಹಾಳೆಗೆ ನೀರು ತೋರಿಸಿದಳು. ಹಾಸಿದಳು, ಉಜ್ಜಿದಳು, ಎತ್ತಿದಳು. ನೋಡಿದವಳೇ ಹಾಳೆಯನ್ನು ದೂರ ಹಿಡಿದಳು.

“ಇದು ನಾನಲ್ಲ. ಹಾಳೆ ಬದಲಾಯಿಸಿದ್ರಾ?”

“ನಿನ್ನ ಕೈಯಲ್ಲೇ ಇತ್ತಲ್ಲೇ ಹಾಳೆ. ಅಚ್ಚಲ್ಲಿ ಎಡ ಬಲಕ್ಕೆ ಬರುತ್ತೆ, ಬಲ ಎಡಕ್ಕೆ. ಕನ್ನಡೀಲಿ ನೀನು ನೋಡ್ಕೊಂಡಿದ್ದು ಇನ್ನೊಬ್ಬಳನ್ನ. ನಾವು ದಿನಾ ನೋಡ್ತಿರೋದು ಇವಳನ್ನ,” ಎಂದಳು ಅಜ್ಜಿ.

ಬೀಗದಕ್ಕ ಮತ್ತೆ ನೋಡಿದಳು. ಕೀಲಿಯ ಕಿಂಡಿಗೆ ಕಣ್ಣಿಟ್ಟೂ ಇಟ್ಟೂ ಒಂದು ಕಣ್ಣು ಕಿರಿದಾಗಿತ್ತು. ಕನ್ನಡಿಯಲ್ಲಿ ಅದು ಅಷ್ಟು ಕಂಡಿರಲಿಲ್ಲ. ಹಾಳೆಯ ಮೇಲಿನ ಹೆಂಗಸು ಹಾಳೆಯ ಆಚೆ ಇದ್ದವರೆಲ್ಲರನ್ನೂ ಕಳ್ಳರ ಹಾಗೆ ನೋಡುತ್ತಿದ್ದಳು. ತಂಗಿ ಹುಟ್ಟಿದ ಲಾಗಾಯ್ತಿನಿಂದ ನೋಡಿಕೊಂಡು ಬಂದದ್ದು ಈ ಮುಖವನ್ನು. ಅವಳಿಗೆ ಅಳು ಬಂತು.

ಹಲಗೆಯಲ್ಲಿ ಮಸಿ ಉಳಿದಿತ್ತು, ಇನ್ನೊಂದಕ್ಕೆ ಆಗುವಷ್ಟು. ಅವಳು ಬಟ್ಟೆಯನ್ನು ಎತ್ತಿ ಅಜ್ಜಿಯ ಕೈಯಲ್ಲಿ ಇಟ್ಟಳು.

“ನೀವೇ ಒರೆಸಿ ಅಜ್ಜಿ.”

ಹಾಗೆಂದು ತನ್ನ ಹಾಳೆಯನ್ನು ಹಿಡಿದುಕೊಂಡು ಹಗ್ಗದ ಕಡೆ ನಡೆದಳು. ತಿರುಗಿ ನೋಡಬೇಕೆಂದು ಕುತ್ತಿಗೆ ತವಕಿಸಿತು, ಬೆನ್ನಲ್ಲಿ ಇರುವೆ ಹರಿದಂತಾಯಿತು. ಅವಳು ನೋಡಲಿಲ್ಲ. ಹಿಂದೆ ಬಟ್ಟೆ ಗಾಜನ್ನು ಉಜ್ಜುವ ಸದ್ದು ಬಹಳ ಹೊತ್ತು ಕೇಳಿಸಿತು.

ಸೋಮವಾರ ಅವಳ ಮುಖ ಗೋಡೆಗೆ ಹೋಯಿತು. ಊರು ನೆರೆದಿತ್ತು. ಅಚ್ಚಿನಜ್ಜಿಯೂ ಬಂದು ಬೇಲಿಯ ಬಳಿ ನಿಂತಿದ್ದಳು. ಆಗಲೇ ಅರ್ಧ ಊರು ಅವಳತ್ತ ತಿರುಗಿತ್ತು.

“ಈಗ ಹೇಳಮ್ಮ. ಇದನ್ನ ತೆಗೆದೋರು ಯಾರು?” ಎಂದ ಯಜಮಾನ.

“ನಾನು,” ಎಂದಳು ಬೀಗದಕ್ಕ.

ಒತ್ತಿದ್ದನ್ನು ಹೇಳಿದಳು, ಮಡಿಸಿದ್ದನ್ನು ಹೇಳಿದಳು, ಯಾಕೆ ಒತ್ತಿದೆ ಎಂಬುದನ್ನೂ ಹೇಳಿದಳು. ಕಾಗದದ ಬೆನ್ನು ನೋಡಿ ಎಂದಳು. ಬೆನ್ನಿನಲ್ಲಿ ಮೂರು ಹಲ್ಲಿನ ಕೀಲಿಯ ಎಣ್ಣೆಕಲೆ ಇತ್ತು. ಎಣ್ಣೆಯವನು ತನ್ನ ಅಂಗಡಿಯ ಕೀಲಿ ತಂದು ಅದರ ಮೇಲೆ ಇಟ್ಟ. ಹಲ್ಲಿಗೆ ಹಲ್ಲು ಕೂತಿತು.

ಕಟ್ಟೆಯ ಮೇಲಿದ್ದ ಒಬ್ಬ ಮುದುಕ ತಲೆ ಕೆರೆದುಕೊಂಡ. “ಎರಡು ತೆಗೆದೋಳ ಮಾತಿಗೆ ಬೆಲೆ ಇಲ್ಲ. ಬೆಲೆ ಇಲ್ಲದ ಮಾತು ನಂಬಿ ಇವಳೇ ತೆಗೆದಳು ಅಂತ ಹ್ಯಾಗೆ ಹೇಳೋದು? ಇದರಲ್ಲಿ ಏನೋ ಮೋಸ ಇದೆ.”

ಯಜಮಾನ ಕಾಗದವನ್ನೂ ಕೀಲಿಯನ್ನೂ ಇನ್ನೊಮ್ಮೆ ತಿರುವಿ ನೋಡಿದ. ಆಮೇಲೆ ಹೇಳಿದ: “ಹೇಳಿ ಮುಗಿಸೋವರೆಗೆ ಇವಳ ಮಾತಿಗೆ ಬೆಲೆ ಇತ್ತು. ಮುಗಿಸಿದ ಮೇಲೆ ಇಲ್ಲ.”

ತಂಗಿ ಬಿಡುಗಡೆಯಾದಳು. ಬೆಳಿಗ್ಗೆ ಗೋಡೆಗೆ ಹೋದ ಮುಖ ಮಧ್ಯಾಹ್ನದೊಳಗೆ ಕೆಳಗಿಳಿಯಿತು.

“ನಾನಿನ್ನು ಹೋಗ್ಲಾ?” ಎಂದು ಬೀಗದಕ್ಕ ಕೇಳಿದಳು. ಯಾರೂ ಏನೂ ಹೇಳಲಿಲ್ಲ. ಎಣ್ಣೆಯವನನ್ನು ಕರೆದಳು, ಅವನು ತನ್ನ ಕೀಲಿಯನ್ನು ನೋಡುತ್ತ ನಿಂತ. “ಅಜ್ಜೀ” ಎಂದಳು. ಹೇಳಬೇಕಾದ್ದು ಬಹಳ ಇತ್ತು. ಅಚ್ಚಿನಜ್ಜಿಯ ಗಲ್ಲ ನಡುಗಿತು, ತುಟಿ ತೆರೆಯಲಿಲ್ಲ. ಆಗ ಬೀಗದಕ್ಕನಿಗೆ ತನಗೆ ಆದದ್ದು ಏನೆಂದು ಅರ್ಥವಾಯಿತು.

ಮಾರನೆಯ ಬೆಳಿಗ್ಗೆ ಅವಳು ಜಗಲಿಯ ಮೇಲೆ ಕೂತಿದ್ದಳು. ತಂಗಿ ಗಡಿಗೆ ಹೊತ್ತು ಬೀದಿಗಿಳಿದು “ಮೊಸರೂ” ಎಂದಳು. ಎದುರು ಮನೆಯಿಂದ “ಓ” ಎಂಬ ದನಿ ಬಂತು, ಅದರ ಪಕ್ಕದ ಮನೆಯಿಂದಲೂ ಬಂತು. ಬಾಗಿಲುಗಳು ತೆರೆದವು. ಬೀಗದಕ್ಕನ ಎದೆ ಹಗುರಾಯಿತು. ಇನ್ನು ಮೇಲೆ ತಂಗಿಯನ್ನು ಸಾಯುವವರೆಗೂ ಕರೆಯಬಾರದು ಎಂದು ಅವಳು ಅದಾಗಲೇ ಗಟ್ಟಿ ಮಾಡಿಕೊಂಡಿದ್ದಳು. ಬಾಯಿ ಜಾರಿದರೆ ಎಂದು ಸೆರಗನ್ನು ಬಾಯಿಗೆ ಒತ್ತಿ ಹಿಡಿದಳು.

ಬೀದಿಯ ನಡುವೆ ತಂಗಿ ನಿಂತಳು. ಗಡಿಗೆ ಇಳಿಸಿ ಇವಳ ಕಡೆ ತಿರುಗಿದಳು. ಆ ಮುಖದಲ್ಲಿ ಸಿಟ್ಟಿತ್ತೋ ಮತ್ತೇನಿತ್ತೋ, ಬೀಗದಕ್ಕನಿಗೆ ತಿಳಿಯಲಿಲ್ಲ. ಅನುಮಾನ ಎದ್ದಿತು: ಊರೆದುರು ನನ್ನನ್ನು ಬಯ್ಯಲು ನಿಂತಳೋ? ಬಯ್ದರೂ ಸರಿಯೇ. ಬೋಗುಣಿ ಹಿಡಿದ ಹೆಂಗಸರೆಲ್ಲ ಬೀಗದಕ್ಕನ ತುಟಿಯನ್ನೇ ನೋಡತೊಡಗಿದರು. ಕರೆದಳಾ? ಕರೆದಳೇನೇ? ಅವಳು ಸೆರಗನ್ನು ಇನ್ನಷ್ಟು ಒತ್ತಿಕೊಂಡಳು. ಉಸಿರೂ ಹೊರಗೆ ಬರದಂತೆ ನೋಡಿಕೊಂಡಳು.

ಕರೆಯದೆಯೇ ಓಗೊಟ್ಟರೆ ಏನು ಎಂದು ಆ ಊರಿನ ಕಟ್ಟಳೆಯಲ್ಲಿ ಎಲ್ಲೂ ಹೇಳಿರಲಿಲ್ಲ. ಅಂಥದ್ದು ಯಾರಿಗೂ ಹೊಳೆದಿರಲಿಲ್ಲ.

“ಓ,” ಎಂದಳು ತಂಗಿ, ಇಡೀ ಬೀದಿಗೆ ಕೇಳುವಷ್ಟು ಗಟ್ಟಿಯಾಗಿ. “ಓ ಅಕ್ಕ, ಬಂದೆ.”